ಪಾತ್ರಕ್ಕೊಂದು ಬಾಕಿ ಬೇಕು

(ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇ ಆಟಗಳ ಬಗ್ಗೆ ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊಸಬರೂ ಬಂದಿದ್ದೀರಿ, ಹಾಗಾಗಿ ಆಟದ ಪರಿಚಯ ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಮೇಜಿನ ಸುತ್ತ ಐದಾರು ಜನ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಮಳೆ, ಶತ್ರು ಎಲ್ಲ ಅವರ ಕೈಯಲ್ಲಿ. ಉಳಿದವರಿಗೆ ತಲೆಗೊಂದು ಪಾತ್ರ. ‘ಬಾಗಿಲು ಒದೆಯುತ್ತೇನೆ’ ಎಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಗೆ ಪಾತ್ರದ ಸಾಮರ್ಥ್ಯದ ಅಂಕಿ ಕೂಡಿಸಿ, ಮೊತ್ತ ಗೇಮ್ ಮಾಸ್ಟರ್ ಇಟ್ಟ ಕಷ್ಟದ ಮಟ್ಟವನ್ನು ಮುಟ್ಟಿದರೆ ಬಾಗಿಲು ತೆರೆಯಿತು, ಇಲ್ಲದಿದ್ದರೆ ಇಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಇವತ್ತು ಲೆಕ್ಕ ಹೇಳುವಾಗಲೆಲ್ಲ ಅದರ ಐದನೇ ಆವೃತ್ತಿಯ, ಅಂದರೆ 2014ರ ನಿಯಮಗಳನ್ನೇ ಹಿಡಿದು ಹೇಳುತ್ತೇನೆ.

ವಿಷಯಕ್ಕೆ ಬರೋಣ. ಪಾತ್ರವನ್ನು ಎಲ್ಲಿಂದ ತರುವುದು?

ಹೆಚ್ಚಿನವರು ಮೊದಲು ಒಂದು ಚಿತ್ರ ಹುಡುಕುತ್ತಾರೆ. ಕಪ್ಪು ನಿಲುವಂಗಿ, ಮುಖದ ಮೇಲೊಂದು ಗಾಯದ ಗೆರೆ, ಬೆನ್ನಿಗೆ ಎರಡು ಕತ್ತಿ. ಚಿತ್ರದಿಂದ ಶುರು ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಚಿತ್ರ ಕೊಡುವುದು ಮುಖವನ್ನು ಮಾತ್ರ, ಅದು ಮೊದಲ ಸೆಷನ್‌ಗೆ ಸಾಕಾಗುತ್ತದೆ. ಎರಡನೇ ಸೆಷನ್‌ನಲ್ಲಿ ಗೇಮ್ ಮಾಸ್ಟರ್ ‘ನೀನು ಈ ಊರಿಗೆ ಯಾಕೆ ಬಂದೆ? ವಾಪಸ್ ಹೋದರೆ ಏನಾಗುತ್ತದೆ?’ ಎಂದು ಕೇಳಿದಾಗ ಆಟಗಾರನ ಹತ್ತಿರ ಉತ್ತರ ಇರುವುದಿಲ್ಲ. ಸಿನಿಮಾದ ನಾಯಕನನ್ನು ಎತ್ತಿ ತಂದವರಿಗೂ ಇದೇ ಕಷ್ಟ. ನಾಯಕನ ಕತೆ ಸಿನಿಮಾದಲ್ಲೇ ಮುಗಿದಿರುತ್ತದೆ, ಮೇಜಿನ ಮೇಲೆ ಅವನಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಾಗಾಗಿ ಒಂದು ಪೋಸ್ಟ್‌ಕಾರ್ಡ್ ಅಳತೆಯ ಕಾಗದ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಪಾತ್ರಕ್ಕೆ ಏನು ಬೇಕು, ಏನು ಬಲ್ಲ, ಯಾರಿಗೆ ಏನು ಬಾಕಿ. ಮೊದಲ ಎರಡನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದನ್ನು ಬಿಡುತ್ತಾರೆ, ಆಟವನ್ನು ಎಳೆದುಕೊಂಡು ಹೋಗುವುದು ಮಾತ್ರ ಅದೇ. ಬಾಕಿ ಅಂದರೆ ಹಣವೇ ಆಗಬೇಕಿಲ್ಲ. ಕೊಟ್ಟ ಮಾತು, ಉಂಡ ಅನ್ನ, ಹೊತ್ತ ಹರಕೆ, ಮುಚ್ಚಿಟ್ಟ ಸತ್ಯ, ಯಾವುದಾದರೂ ಸರಿ. ಸ್ಫೂರ್ತಿ ಹುಡುಕಲು ಹೊರಟವರು ಬಾಕಿ ಇರುವ ಜಾಗ ಹುಡುಕಬೇಕು, ಮತ್ತು ಮಲೆನಾಡಿನಲ್ಲಿ ಅಂಥ ಜಾಗಕ್ಕೆ ಬರವಿಲ್ಲ.

ವೀರಗಲ್ಲುಗಳನ್ನೇ ತೆಗೆದುಕೊಳ್ಳಿ. ಇಲ್ಲೇ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಸೊರಬ, ಶಿಕಾರಿಪುರದ ಕಡೆ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ನಮ್ಮ ಆಟಗಾರರ ಕಣ್ಣು ಕತ್ತಿ, ಬಿಲ್ಲು, ಕಚ್ಚೆಯ ಮೇಲೆ ಹೋಗುತ್ತದೆ. ಅದನ್ನು ಬರೆದುಕೊಳ್ಳಿ, ಆಯುಧದ ಆಯ್ಕೆಗೆ ಉಪಯೋಗವಾಗುತ್ತದೆ. ಆದರೆ ನಿಧಾನವಾಗಿ ನೋಡಬೇಕಾದ್ದು ಕೆಳಗಿನ ಪಟ್ಟಿಕೆಯ ಮೂಲೆ. ಅಲ್ಲಿ ದನಗಳಿವೆಯೇ? ಹಾಗಾದರೆ ಅದು ತುರುಗೋಳು, ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನ ಕಲ್ಲು. ಹೆಂಗಸರ ಸೆರೆ ಬಿಡಿಸಲು ಹೋಗಿ ಸತ್ತವರ ಕಲ್ಲುಗಳಿವೆ, ಹುಲಿ, ಹಂದಿಯ ಜೊತೆ ಕಾದಾಡಿ ಸತ್ತವರದ್ದೂ ಇವೆ. ಸಾವಿನ ಕಾರಣ ಸಿಕ್ಕಿತೆಂದರೆ ಪಾತ್ರದ ಅರ್ಧ ಕೆಲಸ ಆದಂತೆ.

ಉಳಿದರ್ಧ ಕಲ್ಲಿನ ಬರಹದಲ್ಲಿರುತ್ತದೆ. ಹಾಗೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು, ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ಈಗ ಸತ್ತ ವೀರನನ್ನು ಪಕ್ಕಕ್ಕಿಟ್ಟು ಅವನ ಮಗಳನ್ನು ಪಾತ್ರ ಮಾಡಿ. ಅಪ್ಪನ ರಕ್ತಕ್ಕೆ ಸಿಕ್ಕ ಗದ್ದೆಯ ಅನ್ನ ಉಂಡು ಬೆಳೆದವಳು. ಊರಿಗೆ ಆಪತ್ತು ಬಂದರೆ ಎಲ್ಲರೂ ಮೊದಲು ನೋಡುವುದು ಅವಳ ಮನೆಯ ಕಡೆಗೆ. ಇದಕ್ಕೆ ಇನ್ನೊಂದು ಗಂಟು ಹಾಕಿ: ಅಪ್ಪ ಕಾದಾಡಿ ಸಾಯಲಿಲ್ಲ, ಓಡಿಹೋಗುವಾಗ ಸತ್ತ, ಅದು ಗೊತ್ತಿರುವುದು ಅವಳಿಗೂ ಊರ ಗೌಡನಿಗೂ ಮಾತ್ರ. ಕಾರ್ಡಿನ ಮೂರೂ ಸಾಲು ತುಂಬಿತು. ಬೇಕಾದ್ದು, ಅಪ್ಪನ ಹೆಸರಿನ ಕಲ್ಲು ನಿಜವಾಗುವಂಥ ಒಂದು ಕೆಲಸ. ಬಲ್ಲದ್ದು, ದನ ಕಾಯುವುದು, ಜಾಡು ಹಿಡಿಯುವುದು. ಬಾಕಿ, ಗದ್ದೆ. ಗೌಡ ಬದುಕಿರುವವರೆಗೂ ಗೇಮ್ ಮಾಸ್ಟರ್‌ಗೆ ಕೈತುಂಬ ಕೆಲಸ.

ಶಾಸನ ಓದಲು ಹಳಗನ್ನಡ ಬರಲೇಬೇಕೆಂದಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯವು, 1902 ಮತ್ತು 1904ರಲ್ಲಿ ಬಂದವು. ತಾಲೂಕುವಾರು ಶಾಸನಗಳೂ ಅವುಗಳ ಇಂಗ್ಲಿಷ್ ಅನುವಾದವೂ ಅದರಲ್ಲಿವೆ. ನಿಮ್ಮ ತಾಲೂಕಿನ ಪುಟ ತೆರೆದು ‘ದನ’, ‘ಕಳ್ಳರು’, ‘ಮುತ್ತಿಗೆ’ ಬಂದ ಕಡೆ ಗುರುತು ಹಾಕಿಕೊಳ್ಳುತ್ತ ಹೋಗಿ.

ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬಕ್ಕೆ ಬರೋಣ. ಪ್ರಣವೇಶ್ವರ ದೇವಸ್ಥಾನದ ಮುಂದಿರುವ ಆ ಕಂಬದ ಶಾಸನ ಕದಂಬ ಶಾಂತಿವರ್ಮನ ಕಾಲದ್ದು, ಕವಿ ಕುಬ್ಜ. ಅದು ಹೇಳುವಂತೆ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಪೀಠಕ್ಕೆ, ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಗುತ್ತದೆ. ದರ್ಭೆ, ಸಮಿತ್ತು, ಹೋಮದ ಸೌಟಾದ ಸ್ರುಕ್ಕು ಹಿಡಿದು ಅಭ್ಯಾಸವಾದ ಕೈಯಲ್ಲಿ ಕತ್ತಿ ಹಿಡಿದ ಎನ್ನುತ್ತದೆ ಶಾಸನ. ಆಮೇಲೆ ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರುತ್ತಾನೆ, ಬಾಣ ಅರಸರಿಂದ ಕಪ್ಪ ಎತ್ತುತ್ತಾನೆ, ಕೊನೆಗೆ ಪಲ್ಲವರೇ ಅವನಿಗೆ ರಾಜ್ಯ ಒಪ್ಪಿಸಿ ಸುಮ್ಮನಾಗುತ್ತಾರೆ.

ಇಲ್ಲಿ ಆಟಗಾರರು ಮಾಡುವ ತಪ್ಪು ಮಯೂರಶರ್ಮನನ್ನೇ ಪಾತ್ರ ಮಾಡಿಕೊಳ್ಳುವುದು. ಒಂದನೇ ಲೆವೆಲ್‌ನ, ಅಂದರೆ ಆಟಕ್ಕೆ ಹೊಸದಾಗಿ ಇಳಿದ ಪಾತ್ರ ರಾಜ್ಯ ಕಟ್ಟುವುದಿಲ್ಲ. ಇಡೀ ಕತೆಯಿಂದ ಒಂದು ಕ್ಷಣವನ್ನಷ್ಟೇ ಎತ್ತಿಕೊಳ್ಳಿ: ಓದಲು ಹೋದವನು ಜಗಳವಾಡಿ ಓದು ಬಿಟ್ಟು ಬಂದ. ಅವನ ಜೊತೆ ಹೋಗಿದ್ದ ಗುರು ಏನಾದರು? ಮಂತ್ರ ಅರ್ಧ ಕಲಿತು ಕತ್ತಿ ಹಿಡಿದವನ ಕೈ ಯಾವುದಕ್ಕೆ ಮೊದಲು ಹೋಗುತ್ತದೆ? ಗುರುವಿನ ಬಾಕಿ ಇಟ್ಟುಕೊಂಡು ಊರು ಬಿಟ್ಟ ಆ ಹುಡುಗ ಒಂದನೇ ಲೆವೆಲ್‌ಗೆ ಸರಿಯಾದ ಪಾತ್ರ.

ಕೆಳದಿ ಚೆನ್ನಮ್ಮನ ವಿಷಯದಲ್ಲೂ ಇದೇ ಮಾತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು, ರಾಜಾರಾಮ ಜಿಂಜಿ ಸೇರಿದ. ರಾಣಿಯ ಪಾತ್ರ ಗೇಮ್ ಮಾಸ್ಟರ್‌ಗೆ ಇರಲಿ. ನೀವು ಅತಿಥಿಯನ್ನು ರಾತ್ರಿ ಕಾಡುದಾರಿಯಲ್ಲಿ ದಾಟಿಸಬೇಕಾದ ದೀವಟಿಗೆಯವನಾಗಿ. ತನ್ನ ಊರಿಗೆ ಸೈನ್ಯ ಬರುವುದು ಈ ಅತಿಥಿಯಿಂದಲೇ ಎಂದು ಅವನಿಗೆ ಗೊತ್ತು. ದೊಡ್ಡವರ ತೀರ್ಮಾನದ ಭಾರ ಹೊರುವವನೇ ಯಾವತ್ತೂ ಒಳ್ಳೆಯ ಪಾತ್ರ.

ಯುದ್ಧ ಬೇಡ ಎನ್ನುವವರಿಗೆ ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯದ ಕಟ್ಟಳೆ ಇದೆ. ಹನ್ನೆರಡು ವರ್ಷ ಹೊಲಗದ್ದೆಗಳ ಬೀಜ, ಖರ್ಚು, ಫಸಲಿನ ಲೆಕ್ಕ ಇಟ್ಟು ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಅರಸನ ಪಾಲೆಂದು ನಿಗದಿ ಮಾಡಿದ ಪದ್ಧತಿ ಅದು. ಆ ಲೆಕ್ಕ ಬರೆದವನು ಪಾತ್ರವಾದರೆ ಯಾವ ಹಳ್ಳಿಗೆ ಹೋದರೂ ಅವನನ್ನು ಬಲ್ಲವರು ಇರುತ್ತಾರೆ, ಅರ್ಧ ಜನ ಮುನಿಸಿಕೊಂಡಿರುತ್ತಾರೆ. ಬಳ್ಳಿಗಾವಿಯ ಅಲ್ಲಮನಂತೂ ಗಾಯಕ ಪಾತ್ರ ಬೇಕೆನ್ನುವವರಿಗೆ ನಿಧಿ. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ನುಡಿಸುವವನು. ಪ್ರೀತಿಸಿದ ಕಾಮಲತೆ ಸತ್ತ ಮೇಲೆ ದಿಕ್ಕುಗೆಟ್ಟು ಅಲೆಯುವಾಗ ನೆಲದಿಂದ ಮೇಲೆದ್ದ ಕಳಸವೊಂದು ಕಾಣುತ್ತದೆ, ಅಗೆಸಿದರೆ ಹೂತುಹೋದ ಗುಡಿ, ಒಳಗೆ ಅವನ ಗುರುವಾಗುವ ಅನಿಮಿಷಯ್ಯ. ಆಟಕ್ಕೆ ಬೇಕಾದ ನೆಲಮಾಳಿಗೆಯನ್ನು ಹರಿಹರ ಎಂದೋ ಬರೆದಿಟ್ಟಿದ್ದಾನೆ.

ಈಗ ಚರಿತ್ರೆ ಬಿಟ್ಟು ತೋಟಕ್ಕೆ ಇಳಿಯೋಣ. ಕೈಕೆಲಸ ನೋಡಿ ಪಾತ್ರ ಕಟ್ಟುವುದು ಹೇಗೆಂದು ಕೊನೆಗಾರನನ್ನೇ ಇಟ್ಟುಕೊಂಡು ಕೊನೆಯವರೆಗೆ ತೋರಿಸುತ್ತೇನೆ, ಹೆಚ್ಚು ಎಡವಟ್ಟಾಗುವುದು ಈ ಹಂತದಲ್ಲೇ.

ಕೊನೆಗಾರ ಪಾದಗಳಿಗೆ ಕುಣಿಕೆಯಂಥ ತಳೆ ಸಿಕ್ಕಿಸಿಕೊಂಡು ಅಡಿಕೆ ಮರ ಏರುತ್ತಾನೆ. ಮೇಲೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗಿನವನು ಹಗ್ಗದ ತುದಿ ಹಿಡಿದು ಬರಮಾಡಿಕೊಳ್ಳುತ್ತಾನೆ. ಮತ್ತೆ ಇಳಿಯುವುದಿಲ್ಲ. ಮರವನ್ನು ಬಾಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವನೂ ಅವನೇ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಕಮ್ಮಿಯಾದರೆ ದ್ರಾವಣ ಹುಳಿಯಾಗಿ ಎಳೆಗಾಯಿ ಸುಡುತ್ತದೆ. ಅಂದರೆ ಎತ್ತರ, ಹಗ್ಗ, ಕತ್ತಿ, ಔಷಧದ ಅಳತೆ, ನಾಲ್ಕೂ ಬಲ್ಲವನು.

ಇಂಥವನನ್ನು ಆಟಗಾರರು ಸಾಮಾನ್ಯವಾಗಿ ರೋಗ್ ವರ್ಗಕ್ಕೆ, ಅಂದರೆ ಚುರುಕು, ಕೈಚಳಕದವರ ಗುಂಪಿಗೆ, ಸೇರಿಸುತ್ತಾರೆ, ಸರಿಯಾದ ಆಯ್ಕೆ. ಪಾತ್ರದ ಆರು ಸಾಮರ್ಥ್ಯಗಳಿಗೆ ಹಂಚಿಕೊಳ್ಳಲು ಸಿಗುವ ಅಂಕಿಗಳು 15, 14, 13, 12, 10, 8. ‘ಮರ ಹತ್ತುವವನು, ಹಾಗಾದರೆ ಚುರುಕು’ ಎಂದು 15 ಅನ್ನು ಚುರುಕಿಗೆ ಹಾಕಿ 8 ಅನ್ನು ಬಲಕ್ಕೆ ತಳ್ಳುತ್ತಾರೆ. ಆದರೆ ನಿಯಮದಲ್ಲಿ ಹತ್ತುವುದು ಬಲಕ್ಕೆ ಸೇರಿದ ಅಥ್ಲೆಟಿಕ್ಸ್ ಕೌಶಲ. ದಾಳಕ್ಕೆ ಕೂಡಿಸಲು 8ಕ್ಕೆ ಸಿಗುವುದು ಮೈನಸ್ ಒಂದು. ಕಷ್ಟದ ಮಟ್ಟ 15 ಇದ್ದರೆ ದಾಳದಲ್ಲಿ 16 ಅಥವಾ ಹೆಚ್ಚು ಬೀಳಬೇಕು, ಅಂದರೆ ನಾಲ್ಕು ಸಲಕ್ಕೆ ಒಂದು ಸಲ ಮಾತ್ರ ಏರುತ್ತಾನೆ. ಹುಟ್ಟಾ ಕೊನೆಗಾರ ಮರ ಹತ್ತಲಾರದೆ ನಿಂತಾಗ ಆಟಗಾರನಿಗೆ ಪಾತ್ರದ ಮೇಲಿನ ನಂಬಿಕೆಯೇ ಹೋಗುತ್ತದೆ. 15 ಚುರುಕಿಗೇ ಇರಲಿ, 14 ಬಲಕ್ಕೆ ಕೊಡಿ, ಅಥ್ಲೆಟಿಕ್ಸ್ ಕೌಶಲ ತೆಗೆದುಕೊಳ್ಳಿ, ರೋಗ್‌ಗೆ ಮೊದಲ ಲೆವೆಲ್‌ನಲ್ಲೇ ಸಿಗುವ ಎಕ್ಸ್‌ಪರ್ಟೀಸ್ ಅದಕ್ಕೇ ಇಡಿ. ಬಲದ್ದು ಎರಡು, ಎಕ್ಸ್‌ಪರ್ಟೀಸ್‌ನಿಂದ ಇಮ್ಮಡಿಯಾದ ಕೌಶಲದ್ದು ನಾಲ್ಕು, ಒಟ್ಟು ಆರು. ಈಗ 9 ಬಿದ್ದರೆ ಸಾಕು, ನೂರಕ್ಕೆ ಅರವತ್ತು ಸಲ ಏರುತ್ತಾನೆ. 13 ತ್ರಾಣಕ್ಕೆ, 12 ಬುದ್ಧಿಗೆ, 10 ವಿವೇಕಕ್ಕೆ, 8 ವರ್ಚಸ್ಸಿಗೆ. ಕೂಲಿ ಮಾಡುವವನೆಂದ ಕೂಡಲೇ ಬುದ್ಧಿಗೆ 8 ಹಾಕುವ ಚಾಳಿ ದಯವಿಟ್ಟು ಬಿಡಿ. ಬೋರ್ಡೋ ಹದ ತಿಳಿದವನಿಗೆ ಅದು ಅನ್ಯಾಯ.

ಇನ್ನು ಮರದಿಂದ ಮರಕ್ಕೆ ದಾಟುವುದು. ಶಿಫಾರಸು ಮಾಡುವ ಅಂತರ ಸುಮಾರು 9 ಅಡಿ. ಓಡಿಬರದೆ ನಿಂತಲ್ಲಿಂದ ಜಿಗಿಯುವ ದೂರ ನಿಯಮದ ಪ್ರಕಾರ ಬಲದ ಅರ್ಧದಷ್ಟು ಅಡಿ, 14ಕ್ಕೆ 7 ಅಡಿ. ಮುಟ್ಟುವುದಿಲ್ಲ! ಅದಕ್ಕೇ ನಿಜವಾದ ಕೊನೆಗಾರ ಜಿಗಿಯುವುದಿಲ್ಲ, ಮರವನ್ನು ಬಾಗಿಸುತ್ತಾನೆ. ಮೇಜಿನಲ್ಲೂ ಹಾಗೆಯೇ ಹೇಳಿ, ‘ಜಿಗಿಯುತ್ತೇನೆ’ ಎನ್ನಬೇಡಿ. ನಲವತ್ತು ಅಡಿಯಿಂದ ಬಿದ್ದರೆ ಹತ್ತಡಿಗೆ ಒಂದರಂತೆ ನಾಲ್ಕು ಆರುಮುಖದ ದಾಳ, ಸರಾಸರಿ 14 ಪೆಟ್ಟು. ಅವನ ಜೀವದಂಕಿ, ಅಂದರೆ ತಡೆದುಕೊಳ್ಳಬಲ್ಲ ಪೆಟ್ಟು, ರೋಗ್ ವರ್ಗದ 8 ಮತ್ತು ತ್ರಾಣದ ಒಂದು, ಒಟ್ಟು 9. ನೆಲಕ್ಕೆ ಬಿದ್ದವನು ಎಚ್ಚರ ತಪ್ಪುತ್ತಾನೆ. ಇದು ತಿಳಿದ ಆಟಗಾರ ಮೇಲೆ ಹೋದಾಗಲೆಲ್ಲ ಹಗ್ಗ ಎಲ್ಲಿ ಕಟ್ಟಿದೆ ಎಂದು ಹೇಳುತ್ತಾನೆ, ಪಾತ್ರಕ್ಕೆ ನಡವಳಿಕೆ ಬರುವುದು ಹೀಗೆ. ಬಾಕಿ? ಕೆಳಗೆ ಹಗ್ಗ ಹಿಡಿದವನನ್ನು ನೋಡಿ. ಅವನಿಲ್ಲದೆ ಇವನ ಕೆಲಸವಿಲ್ಲ. ಒಂದು ದಿನ ಆ ಹಗ್ಗ ಬಿಟ್ಟವನು ಯಾರು, ಯಾಕೆ ಬಿಟ್ಟ ಎಂದು ಬರೆದರೆ ಕಾರ್ಡ್ ಮುಗಿಯಿತು.

ಪಾತ್ರ ಸಿದ್ಧವಾದ ಮೇಲೆ ಅದನ್ನು ಆಡುವುದು ಹೇಗೆಂದು ಕಲಿಯಲು ತಾಳಮದ್ದಳೆಗಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತೇ ಆಡುವುದು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಆ ಪದ್ಯದ ಮೇಲೆ ತನ್ನದೇ ಮಾತು ಕಟ್ಟುತ್ತಾನೆ, ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಪ್ರಸಂಗದ ದಾರಿ ಭಾಗವತರ ಕೈಯಲ್ಲಿ, ದಾರಿಯಲ್ಲಿನ ಮಾತು ಅರ್ಥಧಾರಿಯ ಬಾಯಲ್ಲಿ. ಗೇಮ್ ಮಾಸ್ಟರ್ ಮತ್ತು ಆಟಗಾರರ ನಡುವಿನ ಒಪ್ಪಂದವೂ ಇದೇ.

ವಾಲಿವಧೆ ನಡೆಯುವ ಕಡೆ ಹೋಗಿ ಕೂತು ವಾಲಿಯ ಮಾತು ಕೇಳಿ. ತಾನು ಸಾಯುತ್ತೇನೆಂದು ಅರ್ಥಧಾರಿಗೆ ಗೊತ್ತು, ಸಭೆಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕಟ್ಟಿಹಾಕುವವರೆಗೆ ಬಿಡುವುದಿಲ್ಲ. ನಿಮ್ಮ ಪಾತ್ರದ ಪರವಾಗಿ ಅಷ್ಟು ಹೊತ್ತು ವಾದಿಸಲು ನಿಮ್ಮಿಂದ ಆಗುತ್ತದೆಯೇ? ಪಾತ್ರ ಮಾಡಿದ ತಪ್ಪಿಗೆ ಪಾತ್ರದ ಬಾಯಿಂದಲೇ ಮೂರು ಸಮರ್ಥನೆ ಸಿದ್ಧ ಮಾಡಿಟ್ಟುಕೊಳ್ಳಿ. ಒಳ್ಳೆಯ ಅರ್ಥಧಾರಿಯಲ್ಲಿ ಗಮನಿಸಬೇಕಾದ ಇನ್ನೊಂದು ಗುಣ, ಎದುರಿನವರ ಮಾತಿಗೆ ಎಡೆ ಬಿಡುವುದು. ಪೀಠಿಕೆಯನ್ನೇ ಗಂಟೆಗಟ್ಟಲೆ ಎಳೆದರೆ ಎದುರು ಕೂತವರು ಏನು ಮಾಡಬೇಕು? ನಮ್ಮಲ್ಲೂ ಲೆಕ್ಕ ಹಾಕಿ ನೋಡಿ. ಮೂರು ಗಂಟೆಯ ಸೆಷನ್‌ನಲ್ಲಿ ಅರ್ಧ ಗೇಮ್ ಮಾಸ್ಟರ್‌ಗೆ ಹೋದರೆ ಉಳಿಯುವುದು ತೊಂಬತ್ತು ನಿಮಿಷ, ಐವರಿಗೆ ಹಂಚಿದರೆ ತಲೆಗೆ ಹದಿನೆಂಟು. ಪರಿಚಯಕ್ಕೆ ಎರಡು ನಿಮಿಷ ಸಾಕು.

ಯಕ್ಷಗಾನದ ಬಯಲಾಟದಿಂದ ತೆಗೆದುಕೊಳ್ಳಬೇಕಾದ್ದು ವೇಷದ ಗುರುತು. ಬಡಗುತಿಟ್ಟು ಶೈಲಿಯಲ್ಲಿ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿ ಬಂದರೆ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರ ಬಂದನೆಂದು ದೂರದಲ್ಲಿ ಕೂತವರಿಗೂ ತಿಳಿಯುತ್ತದೆ. ನಿಮ್ಮ ಪಾತ್ರಕ್ಕೂ ಕಾಣುವ ಗುರುತು ಒಂದು ಇರಲಿ, ಒಂದೇ ಇರಲಿ. ಐದು ಗುರುತು ಹೇಳಿದರೆ ಯಾರಿಗೂ ಒಂದೂ ನೆನಪಿರುವುದಿಲ್ಲ.

ಕಾಡಿನ ಪ್ರಾಣಿಗಳಿಂದ ಸ್ಫೂರ್ತಿ ಪಡೆಯುವವರು ಬಣ್ಣ, ಹಲ್ಲು, ಉಗುರು ಬಿಟ್ಟು ಬದುಕಿನ ಕ್ರಮ ನೋಡಬೇಕು. ಆಗುಂಬೆಯ ಕಾಳಿಂಗ ಸರ್ಪ ವಿಷಕ್ಕೆ ಹೆಸರುವಾಸಿ. ಆದರೆ ಹೆಣ್ಣು ಕಾಳಿಂಗ ಮೈಯಿಂದಲೇ ತರಗೆಲೆ ಎಳೆದು ರಾಶಿ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ, ಅದರ ಆಹಾರವೋ ಬೇರೆ ಹಾವುಗಳು. ತನ್ನ ಕುಲವನ್ನೇ ತಿಂದು ಬದುಕುವ, ತನ್ನ ಗೂಡನ್ನು ಬಿಟ್ಟುಕೊಡದ ಒಬ್ಬಳು ಮಾಂತ್ರಿಕಳನ್ನು ಊಹಿಸಿಕೊಳ್ಳಿ. ಮಂಗಟ್ಟೆ ಹಕ್ಕಿಯಲ್ಲಿ ಹೆಣ್ಣು ಮರದ ಪೊಟರೆ ಹೊಕ್ಕು ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೊರಬರುವಷ್ಟೇ ಸೀಳು. ಒಳಗೆ ರೆಕ್ಕೆಯ ಗರಿ ಉದುರಿಸುತ್ತದೆ, ಗಂಡು ಹಣ್ಣು ತಂದು ಉಣಿಸಬೇಕು. ಗಂಡು ಬಾರದಿದ್ದರೆ ಗೂಡಿಗೇ ಅಪಾಯ. ಗೋಡೆಯ ಹಿಂದೆ ಕಾದಿರುವವರಿಗೆ ಪ್ರತಿ ಸೆಷನ್ ಮುಗಿಯುವಷ್ಟರಲ್ಲಿ ಏನಾದರೂ ಕಳುಹಿಸಲೇಬೇಕಾದ ಪಾತ್ರ ಇದರಿಂದ ಬರುತ್ತದೆ.

ಇನ್ನು ದೈವ, ದೇವರು. ಇಲ್ಲಿ ಮಾತು ಬಿಗಿಯಾಗಿಯೇ ಹೇಳುತ್ತೇನೆ. ಚೌಡಿ, ಭೂತ, ಬನದ ನಾಗ ಇವು ಇವತ್ತಿಗೂ ಜನ ನಡೆದುಕೊಳ್ಳುವ ಶಕ್ತಿಗಳು. ಅವುಗಳ ಹೆಸರಿಗೆ ಜೀವದಂಕಿ ಬರೆದು ‘ಕೊಲ್ಲಿ’ ಎಂದು ಮೇಜಿನ ಮೇಲೆ ಇಡಬಾರದು. ಪಕ್ಕದಲ್ಲಿ ಕೂತವರ ಮನೆಯ ದೈವ ಅದಾಗಿರಬಹುದು. ತೆಗೆದುಕೊಳ್ಳಬೇಕಾದ್ದು ಸಂಬಂಧವನ್ನು. ವರ್ಷಕ್ಕೊಮ್ಮೆ ಕೊಡಬೇಕಾದ್ದನ್ನು ಕೊಡದೆ ಹೋದ ಮನೆತನ, ತೀರಿಸದ ಹರಕೆ, ಕಡಿಯಬಾರದ ಬನದ ಮರ. ದೈವಕ್ಕೆ ನೀವೇ ಕಟ್ಟಿದ ಹೆಸರು, ನೀವೇ ಕಟ್ಟಿದ ಊರು ಇಡಿ. ಇನ್ನೊಂದು ಕೆಟ್ಟ ಅಭ್ಯಾಸ, ಆಟದ ಕುಲಗಳಿಗೆ ನಮ್ಮ ಜಾತಿಗಳನ್ನು ಅಂಟಿಸುವುದು. ‘ಓರ್ಕ್ ಅಂದರೆ ಇಂಥವರು’ ಎಂದು ಒಬ್ಬ ಅಂದರೂ ಆ ಮೇಜು ಒಡೆಯುತ್ತದೆ, ಒಡೆಯುವುದೇ ನ್ಯಾಯ. ಮೊದಲ ಆಟಕ್ಕೆ ಮುಂಚೆ ಅರ್ಧ ಗಂಟೆ ಕೂತು ಯಾವುದು ಬೇಡ ಎಂದು ಎಲ್ಲರೂ ಹೇಳಿಕೊಳ್ಳಿ, ಗೇಮ್ ಮಾಸ್ಟರ್ ಬರೆದಿಟ್ಟುಕೊಳ್ಳಲಿ.

ಬಾಕಿಯಲ್ಲೂ ಕೆಡುವ ಬಾಕಿ ಇದೆ. ಸತ್ತವರಿಗೆ, ಸಾವಿರ ಮೈಲಿ ದೂರದವರಿಗೆ ಇರುವ ಬಾಕಿಯನ್ನು ಗೇಮ್ ಮಾಸ್ಟರ್ ಆಟಕ್ಕೆ ತರಲಾರರು. ಬದುಕಿರುವ, ಹೆಸರಿರುವ, ಎರಡು ದಿನದ ದಾರಿಯೊಳಗೆ ಇರುವ ಇಬ್ಬರು ಮೂವರನ್ನು ಕೊಡಿ. ‘ಮನೆಯವರನ್ನೆಲ್ಲ ಕೊಂದರು, ನಾನು ಒಂಟಿ’ ಎಂದು ಬರೆಯುವವರು ಗೇಮ್ ಮಾಸ್ಟರ್ ಕೈಯಿಂದ ದಾರಗಳನ್ನೆಲ್ಲ ಕಿತ್ತುಕೊಂಡಂತೆ. ಗುಟ್ಟಾದ ಬಾಕಿ ಇದ್ದರೆ ಗೇಮ್ ಮಾಸ್ಟರ್‌ಗೆ ಪೂರ್ತಿ ತಿಳಿಸಿ, ಉಳಿದ ಆಟಗಾರರಿಗೆ ಅದರ ಬಗ್ಗೆ ಒಂದು ಗಾಳಿಸುದ್ದಿಯನ್ನಷ್ಟೇ ಬಿಡಿ. ಯಾರಿಗೂ ಹೇಳದ ಗುಟ್ಟು ಆಟ ಮುಗಿದರೂ ಹೊರಗೆ ಬರುವುದಿಲ್ಲ. ಹತ್ತು ಪುಟದ ಹಿನ್ನೆಲೆಯೂ ಬೇಡ. ನೂರೈವತ್ತು ಪದ ದಾಟಿದರೆ ಕತೆ ಆಟಕ್ಕೆ ಮೊದಲೇ ಮುಗಿದಿದೆ ಎಂದು ಅರ್ಥ, ಅರ್ಧ ಹೊಡೆದುಹಾಕಿ.

ಹೆಸರು ಎಲ್ಲಿಂದ ತರುವುದೆಂದು ಸಭೆಯಿಂದ ಒಂದು ಚೀಟಿ ಬಂದಿದೆ. ಶಾಸನಗಳಲ್ಲೇ ಇದೆ: ಬೊಮ್ಮ, ಮಾಚ, ಕೇತ, ಚಟ್ಟ, ಬಾಚಲೆ, ಜಕ್ಕವ್ವೆ. ಹಿಂದೆ ಮುಂದೆ ಗಾವುಂಡ, ಹೆಗ್ಗಡೆ, ಸೆಟ್ಟಿ, ನಾಯಕ ಸೇರಿದರೆ ಪಾತ್ರದ ಅಂತಸ್ತೂ ತಿಳಿಯುತ್ತದೆ. ಎರಡು ಮೂರು ಅಕ್ಷರದ ಹೆಸರು ಒಳ್ಳೆಯದು, ಜಗಳದ ನಡುವೆ ಕೂಗಿ ಕರೆಯಬೇಕಲ್ಲ. ಒಂದೇ ತಂಡದಲ್ಲಿ ಇಬ್ಬರ ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆ ನೋಡಿಕೊಳ್ಳಿ. ಮಾಚ, ಮಾರ, ಮಾದ ಮೂವರೂ ಒಂದೇ ಕಡೆ ಇದ್ದರೆ ಗೇಮ್ ಮಾಸ್ಟರ್ ಪೆಟ್ಟನ್ನು ತಪ್ಪು ಕಾಗದದಲ್ಲಿ ಬರೆಯುತ್ತಾರೆ. ಖಾಲಿ ಕಾರ್ಡುಗಳು ಆ ಮೇಜಿನ ಮೇಲಿವೆ, ಪೆನ್ಸಿಲ್‌ನಲ್ಲೇ ಬರೆಯಿರಿ. ಮೂರನೇ ಸಾಲನ್ನು ಮೊದಲು ಬರೆದವರು ಇತ್ತ ಬನ್ನಿ, ಅಂಕಿ ಹಂಚುವ ಕೆಲಸ ಒಟ್ಟಿಗೆ ಕೂತು ಮಾಡೋಣ.